ಇಸವಿ ಇಲ್ಲದ ರೂಪಾಯಿ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ಕನ್ನಡಿಗರ ಮನೆಗಳಲ್ಲಿ ತಲೆತಲಾಂತರದಿಂದ ಓಡಾಡಿಕೊಂಡಿದೆ. ಎರಡನ್ನೂ ಮಾಡಿ ಮುಗಿಸಿದವರು ನಿಟ್ಟುಸಿರಿನೊಂದಿಗೆ ಅದನ್ನು ಹೇಳುತ್ತಾರೆ. ಒಂದನ್ನು ಮಾಡಿ ಇನ್ನೊಂದನ್ನು ಕೈಬಿಟ್ಟವರು ಸಾಮಾನ್ಯವಾಗಿ ಸುಮ್ಮನಿದ್ದುಬಿಡುತ್ತಾರೆ. ಬೆಂಗಳೂರಿನ ಹನುಮಂತನಗರದ ಬಾಡಿಗೆ ಮನೆಯೊಂದರಲ್ಲಿ ಹಾಗೆ ಐವತ್ತು ವರ್ಷ ಸುಮ್ಮನಿದ್ದವರು ಒಬ್ಬ ನಿವೃತ್ತ ಅಂಚೆ ಗುಮಾಸ್ತರು. ವಯಸ್ಸು ಎಪ್ಪತ್ತೇಳು. ಮಗ, ಸೊಸೆ, ದ್ವಿತೀಯ ಪಿಯುಸಿಯಲ್ಲಿ ವಿಜ್ಞಾನ ಓದುವ ಮೊಮ್ಮಗಳು, ಇಷ್ಟೇ ಸಂಸಾರ.

ಆ ಮನೆಯಲ್ಲಿ ವರ್ಷಕ್ಕೊಮ್ಮೆ ತಪ್ಪದೆ ಕೇಳಿಬರುವ ಮಾತೊಂದಿತ್ತು. ಮಾಲೀಕರು ಬಾಡಿಗೆಗೆ ಶೇ. 5 ಏರಿಸಿದ ದಿನ, ಮಗ ಚೀಟಿ ಓದಿ ಮಡಿಸಿಟ್ಟು, ಯಾರ ಮುಖವನ್ನೂ ನೋಡದೆ ಹೇಳುವ ಮಾತು: “ಅಪ್ಪ ಅವತ್ತೊಂದು ಸಹಿ ಹಾಕಿದ್ದಿದ್ರೆ...” ವಾಕ್ಯ ಪೂರ್ತಿಯಾಗುತ್ತಿರಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ತಾತ ಪತ್ರಿಕೆಯ ಪುಟ ತಿರುಗಿಸುತ್ತಿದ್ದರು. ಸೊಸೆ ಒಲೆಯ ಕಡೆ ಹೋಗುತ್ತಿದ್ದರು. ಹುಡುಗಿಗೆ ಅದೇನು ಸಹಿ, ಯಾವ ದಿನ ಎಂಬುದು ಗೊತ್ತಿರಲಿಲ್ಲ.

ಅದು ಗೊತ್ತಾದದ್ದು 2024ರ ನವೆಂಬರಿನ ಒಂದು ಭಾನುವಾರ. ನವೆಂಬರ್ ಬಂದರೆ ಪಿಂಚಣಿದಾರರೆಲ್ಲ ತಾವು ಬದುಕಿದ್ದೇವೆಂದು ಪ್ರಮಾಣಪತ್ರ ಕೊಡಬೇಕಷ್ಟೆ. ತಾತನ ಪಿಂಚಣಿ ಪುಸ್ತಕಕ್ಕಾಗಿ ಮಂಚದಡಿಯ ಟ್ರಂಕನ್ನು ಎಳೆದಾಗ, ಅದರ ತಳದಲ್ಲಿ ಹಾಸಿದ್ದ ಹಳೆಯ ಕಾಗದದ ಕೆಳಗಿನಿಂದ ಒಂದು ಉದ್ದನೆಯ ಲಕೋಟೆ ಹೊರಬಂತು. ಒಳಗೆ ಟೈಪು ಮಾಡಿದ ಒಂದು ಪತ್ರ. 1974ನೇ ಇಸವಿ. ಆಗ ಬಿ.ಡಿ.ಎ. ಇನ್ನೂ ಹುಟ್ಟಿರಲಿಲ್ಲ, ಅದು ಬಂದದ್ದು 1976ರಲ್ಲಿ. ಅದಕ್ಕೆ ಮುಂಚೆ, 1945ರಿಂದ, ನಗರದಲ್ಲಿ ಬಡಾವಣೆ ಮಾಡಿ ನಿವೇಶನ ಹಂಚುತ್ತಿದ್ದುದು ಟ್ರಸ್ಟ್ ಬೋರ್ಡು. ಪತ್ರದ ಸಾರಾಂಶ ಇಷ್ಟೆ: ಮೂವತ್ತು-ನಲವತ್ತರ ಒಂದು ಸೈಟು, ಬೆಲೆ 4,800 ರೂಪಾಯಿ, ಗಡುವಿನೊಳಗೆ ಒಪ್ಪಿಗೆ ಕೊಟ್ಟು ಹಣ ಕಟ್ಟತಕ್ಕದ್ದು.

“ನಾಲ್ಕು ಸಾವಿರದ ಎಂಟುನೂರಕ್ಕೆ ಸೈಟಾ!” ಹುಡುಗಿ ಜೋರಾಗಿ ನಕ್ಕಳು. “ತಾತ, ನನ್ನ ಕಾಲೇಜು ಬಸ್ಸಿಗೇ ಇದಕ್ಕಿಂತ ಜಾಸ್ತಿ ಆಗತ್ತೆ. ಯಾಕೆ ಬಿಟ್ರಿ?”

ಮಗ ನಗಲಿಲ್ಲ. ಅವರ ಮೇಜಿನ ಮೇಲೆ ಅಂದು ಇನ್ನೊಂದು ಕಾಗದವಿತ್ತು. ಊರ ಹೊರವಲಯದಲ್ಲಿ ಏಳುತ್ತಿದ್ದ ಅಪಾರ್ಟ್‌ಮೆಂಟಿನ ಬೆಲೆಪಟ್ಟಿ. ಎರಡು ಕೋಣೆಯ ಫ್ಲ್ಯಾಟಿಗೆ 75 ಲಕ್ಷ. ಕೈಯಲ್ಲಿದ್ದ 25 ಲಕ್ಷ ಕಟ್ಟಿ ಉಳಿದ 50 ಲಕ್ಷಕ್ಕೆ ಸಾಲ ಮಾಡುವುದೆಂದು ಅವರ ಲೆಕ್ಕ. ತಿಂಗಳ ಕೊನೆಯೊಳಗೆ ಬುಕಿಂಗ್ ಹಣ ಕೊಡಬೇಕಿತ್ತು. ಆ 25 ಲಕ್ಷದಲ್ಲಿ ಬಹುಪಾಲು ಮಗಳ ಮುಂದಿನ ಓದಿಗೆಂದು ಗಂಡ-ಹೆಂಡತಿ ಹನ್ನೆರಡು ವರ್ಷದಿಂದ ಕೂಡಿಟ್ಟದ್ದು. ಈ ವಿಷಯವಾಗಿ ಹದಿನೈದು ದಿನಗಳಿಂದ ಮನೆಯಲ್ಲಿ ಮಾತು ಬಿಗಿಯಾಗಿತ್ತು.

“ನಾನು ಅದನ್ನೇ ಹೇಳೋದು,” ಎಂದರು ಮಗ. “ಅವತ್ತು ಅಪ್ಪ ಬಿಟ್ರು, ಇವತ್ತು ನಾವು ಬಿಟ್ರೆ ನಾಳೆ ಇವಳು ನಮ್ಮನ್ನ ಇದೇ ಕೇಳ್ತಾಳೆ.”

ತಾತ ಕನ್ನಡಕ ತೆಗೆದು ಒರೆಸಿಕೊಂಡರು. ಮೊಮ್ಮಗಳ ಕಡೆ ತಿರುಗಿ, “ನಿಮ್ಮ ಫಿಸಿಕ್ಸಿನಲ್ಲಿ ಉತ್ತರ ಬರೀ ‘ಐದು’ ಅಂತ ಬರೆದರೆ ಮಾರ್ಕ್ಸು ಕೊಡ್ತಾರಾ?” ಎಂದು ಕೇಳಿದರು.

“ಇಲ್ಲ. ಮಾನ ಬರೀಬೇಕು. ಮೀಟರೋ ಸೆಂಟಿಮೀಟರೋ ಹೇಳದೆ ಇದ್ರೆ ಅರ್ಧ ಮಾರ್ಕ್ಸು ಹೋಗತ್ತೆ.”

“ಹಾಗಿದ್ದರೆ ನಾಲ್ಕು ಸಾವಿರದ ಎಂಟುನೂರು ಯಾವ ರೂಪಾಯಿ? ಎಪ್ಪತ್ತನಾಲ್ಕನೇ ಇಸವಿದೋ, ಇವತ್ತಿಂದೋ? ನೋಟ್‌ಬುಕ್ ತಗೊಂಡು ಬಾ.”

ಐವತ್ತು ವರ್ಷ ಬಾಯಿ ಬಿಡದಿದ್ದ ಹಿರಿಯರು ಹೀಗೆ ಲೆಕ್ಕಕ್ಕೆ ಕುಳಿತದ್ದನ್ನು ಕಂಡು ಸೊಸೆಯೂ ಕೈ ಒರೆಸಿಕೊಂಡು ಬಂದು ಕುಳಿತರು.

ಸರ್ಕಾರಿ ನೌಕರರಿಗೆ ಒಂದು ಅಂಕಿ ಮಾತ್ರ ಬಾಯಿಪಾಠವಾಗಿರುತ್ತದೆ. ಅದು ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕ. ಅಕ್ಕಿ, ಬೇಳೆ, ಎಣ್ಣೆ, ಬಟ್ಟೆ, ಬಾಡಿಗೆ, ಶಾಲೆಯ ಫೀಜು ಇವೆಲ್ಲದರ ಬೆಲೆಯನ್ನು ಊರೂರಿನಲ್ಲಿ ವಿಚಾರಿಸಿ, ಕೇಂದ್ರದ ಲೇಬರ್ ಬ್ಯೂರೋ ತಿಂಗಳಿಗೊಮ್ಮೆ ಪ್ರಕಟಿಸುವ ಸಂಖ್ಯೆ. ತುಟ್ಟಿಭತ್ಯೆ ನಿರ್ಧಾರವಾಗುವುದು ಅದರಿಂದಲೇ. ಅಳತೆಗೋಲು ಹಳತಾದಂತೆ ಅದನ್ನು ಆಗಾಗ ಬದಲಿಸುತ್ತಾರೆ: 1960ನೇ ಇಸವಿಯನ್ನು 100 ಎಂದಿಟ್ಟುಕೊಂಡದ್ದು ಒಂದು, ಆಮೇಲೆ 1982, ಆಮೇಲೆ 2001, ಈಚಿನದು 2016. ಹಳೆಯದಕ್ಕೂ ಹೊಸದಕ್ಕೂ ಗಂಟು ಹಾಕಲು ಒಂದೊಂದು ಗುಣಕವಿದೆ: 4.93, 4.63, 2.88.

ತಾತ ಹೇಳುತ್ತಾ ಹೋದರು, ಹುಡುಗಿ ಬರೆಯುತ್ತಾ ಹೋದಳು. 2024ರಲ್ಲಿ ಹೊಸ ಸೂಚ್ಯಂಕ 140ರ ಆಸುಪಾಸಿನಲ್ಲಿತ್ತು. ಅದನ್ನು 2.88ರಿಂದ ಗುಣಿಸಿದರೆ 403. ಅದನ್ನು 4.63ರಿಂದ ಗುಣಿಸಿದರೆ 1,867. ಮತ್ತೆ 4.93ರಿಂದ ಗುಣಿಸಿದರೆ ಸುಮಾರು 9,200. ಎಂದರೆ 1960ರಲ್ಲಿ ನೂರು ರೂಪಾಯಿಗೆ ತುಂಬುತ್ತಿದ್ದ ಬುಟ್ಟಿಯನ್ನು 2024ರಲ್ಲಿ ತುಂಬಲು 9,200 ರೂಪಾಯಿ ಬೇಕಾಯಿತು. 64 ವರ್ಷಗಳಲ್ಲಿ 92 ಪಟ್ಟು.

“ತೊಂಬತ್ತೆರಡು ಪಟ್ಟು ಅಂದ್ರೆ ವರ್ಷಕ್ಕೆ ಎಷ್ಟಾಯ್ತು?” ಎಂದು ಕೇಳಿದರು ಸೊಸೆ.

ಇಲ್ಲಿ ಹಳೆಯ ಕಾಲದ ಬ್ಯಾಂಕು, ಅಂಚೆಯವರೆಲ್ಲ ಬಲ್ಲ ಒಂದು ಸುಲಭೋಪಾಯವಿದೆ. 72ನ್ನು ಬಡ್ಡಿಯ ದರದಿಂದ ಭಾಗಿಸಿದರೆ, ಹಣ ಎಷ್ಟು ವರ್ಷಕ್ಕೆ ದುಪ್ಪಟ್ಟಾಗುತ್ತದೆಂದು ತಿಳಿಯುತ್ತದೆ. ಶೇ. 6ಕ್ಕೆ 12 ವರ್ಷ, ಶೇ. 9ಕ್ಕೆ 8 ವರ್ಷ. ಇದನ್ನೇ ತಿರುಗಿಸಿ ನೋಡಬಹುದು. 1, 2, 4, 8, 16, 32, 64, 128 ಹೀಗೆ ದುಪ್ಪಟ್ಟು ಮಾಡುತ್ತಾ ಹೋದರೆ 92 ಎಂಬುದು ಆರನೆಯ ಮತ್ತು ಏಳನೆಯ ಮೆಟ್ಟಿಲುಗಳ ನಡುವೆ ಸಿಕ್ಕುತ್ತದೆ. 64 ವರ್ಷಗಳಲ್ಲಿ ಆರೂವರೆ ಸಲ ದುಪ್ಪಟ್ಟೆಂದರೆ, ಹತ್ತು ವರ್ಷಕ್ಕೊಮ್ಮೆ ಎನ್ನಬಹುದು. 72ನ್ನು 10ರಿಂದ ಭಾಗಿಸಿದರೆ ವರ್ಷಕ್ಕೆ ಶೇ. 7ಕ್ಕಿಂತ ತುಸು ಹೆಚ್ಚು. ವರ್ಷಕ್ಕೆ ಏಳು ಪೈಸೆ ಎಂಬುದು ಕೇಳಲು ಸಣ್ಣ ಮಾತು. ಆದರೆ ಗೆದ್ದಲು ತಿನ್ನುವುದೂ ದಿನಕ್ಕೆ ಇಷ್ಟಿಷ್ಟೇ ಅಲ್ಲವೆ?

“1974ರಿಂದ 2024ಕ್ಕೆ ಐವತ್ತು ವರ್ಷ. ಐದು ಸಲ ದುಪ್ಪಟ್ಟು, 32 ಪಟ್ಟು,” ಎಂದಳು ಹುಡುಗಿ.

“ಆ ವರ್ಷದ ಹೊತ್ತಿಗೆ ಬೆಲೆ ಆಗಲೇ ಸಿಕ್ಕಾಪಟ್ಟೆ ಏರಿಬಿಟ್ಟಿತ್ತು. ಅದಕ್ಕೆ ಸ್ವಲ್ಪ ಕಡಿಮೆ ಹಿಡಿ. ಮೂವತ್ತು ಪಟ್ಟು ಇಟ್ಟುಕೊ.”

4,800ನ್ನು 30ರಿಂದ ಗುಣಿಸಿದರೆ 1,44,000. ಅವಳು ನಕ್ಕಿದ್ದ ಆ 4,800 ರೂಪಾಯಿ 2024ರ ಸುಮಾರು ಒಂದೂವರೆ ಲಕ್ಷಕ್ಕೆ ಸಮ. ಕಾಲೇಜು ಬಸ್ಸಿನ ಹೋಲಿಕೆ ಅಲ್ಲಿಗೆ ಬಿತ್ತು.

ಮಗ ಖಾಸಗಿ ಕಂಪನಿಯೊಂದರಲ್ಲಿ ಲೆಕ್ಕಪತ್ರ ವಿಭಾಗದವರು. ಅವರಿಗೂ ಈಗ ಸುಮ್ಮನಿರಲಾಗಲಿಲ್ಲ. “ಇನ್‌ಕಂ ಟ್ಯಾಕ್ಸಿನವರೂ ಹೀಗೇ ಮಾಡ್ತಾರೆ,” ಎಂದರು. ಹಳೆಯ ಮನೆ ಮಾರಿದಾಗ ಬಂದ ಹಣವೆಲ್ಲ ಲಾಭವಲ್ಲ, ಅದರಲ್ಲಿ ರೂಪಾಯಿ ಸವೆದದ್ದೂ ಸೇರಿದೆ ಎಂಬುದನ್ನು ಸರ್ಕಾರವೇ ಒಪ್ಪಿ, ವರ್ಷಕ್ಕೊಂದು ಸೂಚ್ಯಂಕ ಗೊತ್ತುಮಾಡುತ್ತ ಬಂದಿದೆ. 2001-02ಕ್ಕೆ 100 ಎಂದಿಟ್ಟದ್ದು 2024-25ಕ್ಕೆ 363 ಆಯಿತು. ಕೊಂಡ ಬೆಲೆಯನ್ನು ಆ ಪ್ರಮಾಣದಲ್ಲಿ ಹಿಗ್ಗಿಸಿ, ಮಿಕ್ಕದ್ದಕ್ಕೆ ಮಾತ್ರ ತೆರಿಗೆ. 2024ರ ಜುಲೈ 23ರ ಬಜೆಟ್ಟಿನಲ್ಲಿ ತೆರಿಗೆಯ ದರ ಇಳಿಸಿ ಈ ಹಿಗ್ಗಿಸುವ ಸೌಲಭ್ಯವನ್ನು ತೆಗೆದರು. ಜನ ಗಾಬರಿಯಾದ ಮೇಲೆ, ಆ ದಿನಕ್ಕಿಂತ ಮೊದಲು ಮನೆ, ಸೈಟು ಕೊಂಡವರಿಗೆ ಹಳೆಯ ಲೆಕ್ಕವನ್ನೂ ಆರಿಸಿಕೊಳ್ಳುವ ಅವಕಾಶ ಕೊಟ್ಟರು. ಒಟ್ಟಿನಲ್ಲಿ ಕಾನೂನಿಗೂ ಗೊತ್ತು, ಇಸವಿ ಹೇಳದ ರೂಪಾಯಿ ಅರ್ಧ ಉತ್ತರವೆಂದು.

“ಆದರೆ ಅಪ್ಪ, ಒಂದೂವರೆ ಲಕ್ಷಕ್ಕಾದ್ರೂ ಇವತ್ತು ಯಾರು ಸೈಟು ಕೊಡ್ತಾರೆ?” ಎಂದು ಮಗ ಮತ್ತೆ ಕೆಣಕಿದರು.

ಮಾತು ನಿಜ. ತಾತ ಎರಡನೆಯ ಲೆಕ್ಕಕ್ಕೆ ತಿರುಗಿದರು. ಬೆಲೆಯನ್ನು ರೂಪಾಯಿಯಲ್ಲಿ ಅಳೆಯುವುದನ್ನು ಬಿಟ್ಟು ಸಂಬಳದಲ್ಲಿ ಅಳೆದು ನೋಡು ಎಂದರು. 1974ರಲ್ಲಿ, ಸೇವೆಗೆ ಸೇರಿ ಕೆಲವೇ ವರ್ಷಗಳಾಗಿದ್ದ ಅವರ ಕೈಗೆ ಎಲ್ಲ ಸೇರಿ ಬರುತ್ತಿದ್ದುದು 320 ರೂಪಾಯಿ. 4,800 ಎಂದರೆ ಹದಿನೈದು ತಿಂಗಳ ಸಂಬಳ. ಹದಿನೈದು ತಿಂಗಳು ಉಣ್ಣದೆ, ಉಡದೆ, ಬಾಡಿಗೆ ಕೊಡದೆ ಇದ್ದರೆ ಒಂದು ಸೈಟು.

ಅದೂ ಎಂಥ ವರ್ಷ! 1973ರ ಕೊನೆಯಲ್ಲಿ ಅರಬ್ ದೇಶಗಳು ಎಣ್ಣೆಯ ಬೆಲೆಯನ್ನು ಹಲವು ಪಟ್ಟು ಏರಿಸಿದ್ದವು. ಮಳೆ ಕೈಕೊಟ್ಟ ವರ್ಷಗಳು ಹಿಂದೆಯೇ ಇದ್ದವು. ಸಗಟು ಬೆಲೆಗಳು ವರ್ಷವೊಂದರಲ್ಲಿ ನಾಲ್ಕನೇ ಒಂದು ಪಾಲಿನಷ್ಟು ಏರಿದ ಕಾಲವದು. 1974ರ ಮೇ ತಿಂಗಳಲ್ಲಿ ದೇಶದಾದ್ಯಂತ ರೈಲ್ವೆ ಮುಷ್ಕರ. ಜುಲೈನಲ್ಲಿ ಬೆಲೆಯೇರಿಕೆ ತಡೆಯಲೆಂದು ಕಡ್ಡಾಯ ಠೇವಣಿಯ ಸುಗ್ರೀವಾಜ್ಞೆ ಬಂತು: ಹೆಚ್ಚುವರಿ ತುಟ್ಟಿಭತ್ಯೆಯ ಅರ್ಧ ನೌಕರನ ಕೈಗೆ ಬಾರದೆ ಠೇವಣಿಗೆ ಹೋಯಿತು. ಸೈಟು ಕೊಂಡರಾಯಿತೇ? ಕಟ್ಟಬೇಕಲ್ಲ. ಸಿಮೆಂಟು ಆಗ ನಿಯಂತ್ರಣದಲ್ಲಿತ್ತು. ಪರ್ಮಿಟ್ಟಿಗೆ ಅರ್ಜಿ ಹಾಕಿ ಕಾಯಬೇಕಿತ್ತು. ನಿಯಂತ್ರಣ ಸಡಿಲವಾದದ್ದು 1982ರಲ್ಲಿ, ಪೂರ್ತಿ ಹೋದದ್ದು 1989ರಲ್ಲಿ. ಸಂಬಳದಾರನಿಗೆ ಸುಲಭವಾಗಿ ಮನೆಸಾಲ ಕೊಡುವವರು ಯಾರಿದ್ದರು? ಮನೆಸಾಲಕ್ಕೆಂದೇ ಎಚ್.ಡಿ.ಎಫ್.ಸಿ. ಹುಟ್ಟಿದ್ದು 1977ರಲ್ಲಿ. ಅದಕ್ಕೆ ಮುಂಚೆ ಮನೆ ಕಟ್ಟುವುದೆಂದರೆ ಭವಿಷ್ಯನಿಧಿ, ಇಲಾಖೆಯ ಮುಂಗಡ, ಚೀಟಿ ಹಣ, ಹೆಂಡತಿಯ ಬಳೆ.

“ಇವತ್ತಿನ ಲೆಕ್ಕ ಹಾಕು,” ಎಂದರು ತಾತ. ಹೊಸದಾಗಿ ಸೇರಿದ ಅಂಚೆ ಸಹಾಯಕರಿಗೆ 2024ರ ನವೆಂಬರಿನಲ್ಲಿ ಮೂಲವೇತನ 25,500. ಅದರ ಮೇಲೆ ಶೇ. 53 ತುಟ್ಟಿಭತ್ಯೆ, ಬೆಂಗಳೂರಾದ್ದರಿಂದ ಶೇ. 30 ಮನೆಬಾಡಿಗೆ ಭತ್ಯೆ. ಒಟ್ಟು 46,665. ಪತ್ರದಲ್ಲಿದ್ದ ಬಡಾವಣೆ ಆಗ ಹೊಲಗಳ ನಡುವೆ ಇತ್ತು. ಈಗ ಊರಿನ ಒಳಗೇ ಇದೆ. ಚದರಡಿಗೆ ಹತ್ತು ಸಾವಿರವೆಂದು ಕೈಬಿಗಿ ಹಿಡಿದು ಹೇಳಿದರೂ 1,200 ಚದರಡಿಗೆ 1 ಕೋಟಿ 20 ಲಕ್ಷ. ಅದು 257 ತಿಂಗಳ ಸಂಬಳ. ಇಪ್ಪತ್ತೊಂದು ವರ್ಷ ಮೀರಿತು.

ನೋಟ್‌ಬುಕ್ಕಿನಲ್ಲಿ ಈಗ ಮೂರು ಸಾಲುಗಳು ಒಂದರ ಕೆಳಗೊಂದು ನಿಂತವು. ಐವತ್ತು ವರ್ಷಗಳಲ್ಲಿ ಪೇಟೆಯ ಬೆಲೆ 30 ಪಟ್ಟು. ಅದೇ ಹುದ್ದೆಯ ಸಂಬಳ 145 ಪಟ್ಟು. ಆ ನೆಲದ ಬೆಲೆ 2,500 ಪಟ್ಟು.

ಮನೆ ದುಬಾರಿಯಾಗಲು ಹಣದುಬ್ಬರವೇ ಕಾರಣವೆಂದು ಎಲ್ಲರೂ ಹೇಳುವುದುಂಟು. ಈ ಮೂರು ಸಾಲುಗಳನ್ನು ನೋಡಿದವರು ಹಾಗೆ ಹೇಳಲಾರರು. ಹಣದುಬ್ಬರದ ಪಾಲು 30 ಪಟ್ಟು ಮಾತ್ರ. ಅದನ್ನು ಸಂಬಳ ಹಿಂದೆ ಹಾಕಿದೆ. ಮಿಕ್ಕದ್ದೆಲ್ಲ ನೆಲದ ಮಹಿಮೆ. 4,800 ಎಂಬುದು ಸರ್ಕಾರಿ ಹಂಚಿಕೆಯ ದರ, ಹೊರಗೆ ಕೊಂಡಿದ್ದರೆ ಹೆಚ್ಚಾಗುತ್ತಿತ್ತು ಎಂಬುದನ್ನು ತಾತನೇ ನೆನಪಿಸಿದರು. ಎರಡು ಪಟ್ಟು ಕೊಟ್ಟಿದ್ದರೂ ಮೂವತ್ತು ತಿಂಗಳ ಸಂಬಳ. 257ರ ಹತ್ತಿರಕ್ಕೆ ಬರುವುದಿಲ್ಲ.

ನೆಲ ಯಾಕೆ ಹೀಗೆ ಓಡಿತು? ಸಿಮೆಂಟು, ಇಟ್ಟಿಗೆ, ಕಬ್ಬಿಣಕ್ಕೆ ಬೇಡಿಕೆ ಹೆಚ್ಚಿದರೆ ಇನ್ನೊಂದು ಕಾರ್ಖಾನೆ ಹಾಕಬಹುದು. ನೆಲವನ್ನು ತಯಾರಿಸುವ ಕಾರ್ಖಾನೆ ಇಲ್ಲ. 1971ರ ಜನಗಣತಿಯಲ್ಲಿ ಬೆಂಗಳೂರಿನ ಜನ ಸುಮಾರು 16.5 ಲಕ್ಷ. 2011ರಲ್ಲಿ ಸುಮಾರು 85 ಲಕ್ಷ. ಐದು ಪಟ್ಟು ಜನ, ಆದರೆ ಬಸವನಗುಡಿ ಒಂದೇ, ಜಯನಗರ ಒಂದೇ. ರಸ್ತೆ, ನೀರು, ಶಾಲೆ, ಆಸ್ಪತ್ರೆ ಹತ್ತಿರವಿರುವ ನೆಲಕ್ಕೆ ಎಲ್ಲರೂ ಕೈಚಾಚಿದರು. ಹಳೆಯ ಬಡಾವಣೆಗಳಲ್ಲಿ ಮನೆ ಮಾರಾಟವಾದರೆ ಕೊಂಡವರು ಮೊದಲು ಮಾಡುವುದೇ ಅದನ್ನು ಕೆಡವುವುದು. ರೆಡ್ ಆಕ್ಸೈಡ್ ನೆಲ, ತೇಗದ ಬಾಗಿಲು ಯಾವುದಕ್ಕೂ ಬೆಲೆಯಿಲ್ಲ. ಗೋಡೆ ವರ್ಷವರ್ಷಕ್ಕೆ ಸವೆಯುತ್ತದೆ. ಏರುವುದು ಅದರ ಕೆಳಗಿನ ಮಣ್ಣು.

ಇನ್ನೊಂದು ಕಾರಣವನ್ನು ಮಗನೇ ಹೇಳಿದರು. 1990ರ ದಶಕದ ನಡುವಿನಲ್ಲಿ ಮನೆಸಾಲದ ಬಡ್ಡಿ ಶೇ. 15ರ ಆಸುಪಾಸಿನಲ್ಲಿತ್ತು, 2004ರ ಹೊತ್ತಿಗೆ ಶೇ. 8ರ ಆಸುಪಾಸಿಗೆ ಇಳಿಯಿತು. ತಿಂಗಳಿಗೆ ಹತ್ತು ಸಾವಿರದ ಕಂತು, ಇಪ್ಪತ್ತು ವರ್ಷ ಎಂದಿಟ್ಟುಕೊಂಡರೆ ಶೇ. 15ರಲ್ಲಿ ಸಿಗುವ ಸಾಲ 7.6 ಲಕ್ಷ. ಶೇ. 8ರಲ್ಲಿ ಅದೇ ಕಂತಿಗೆ ಸುಮಾರು 12 ಲಕ್ಷ. ಕೊಳ್ಳುವವನ ಕೈ ಉದ್ದವಾಯಿತು ನಿಜ. ಆದರೆ ಎಲ್ಲರ ಕೈಯೂ ಒಟ್ಟಿಗೆ ಉದ್ದವಾದ್ದರಿಂದ ಮಾರುವವನು ಬೆಲೆಯನ್ನು ಇನ್ನೂ ಮೇಲಕ್ಕೆ ತೂಗುಹಾಕಿದ.

“ಆಯ್ತಲ್ಲ,” ಎಂದರು ಮಗ. ಧ್ವನಿಯಲ್ಲಿ ಗೆದ್ದ ಸಂತೋಷವಿರಲಿಲ್ಲ, ದಣಿವಿತ್ತು. “ಎರಡು ಸಾವಿರದ ಐನೂರು ಪಟ್ಟು. ಹೇಗೆ ನೋಡಿದ್ರೂ ಆ ಸೈಟು ಬಿಡಬಾರದಿತ್ತು. ಅಮ್ಮ ಇರೋವರೆಗೂ ಅದನ್ನೇ ಹೇಳ್ತಿದ್ರು.”

ತಾತ ಉತ್ತರ ಕೊಡಲಿಲ್ಲ. ಅಷ್ಟರಲ್ಲಿ ಸೊಸೆ ಪತ್ರವನ್ನು ಮಡಿಸಲೆಂದು ತಿರುಗಿಸಿದವರು ಅಲ್ಲೇ ನಿಲ್ಲಿಸಿದರು. ಹಿಂಭಾಗದಲ್ಲಿ ಪೆನ್ಸಿಲಿನಲ್ಲಿ ಬರೆದ ಲೆಕ್ಕವಿತ್ತು. ಐವತ್ತು ವರ್ಷದಲ್ಲಿ ಮಾಸಿದ್ದರೂ ಓದಲು ಬರುತ್ತಿತ್ತು.

ಹಾಸ್ಟೆಲು 50, ಇಪ್ಪತ್ತು ತಿಂಗಳಿಗೆ 1,000. ಫೀಜು 300. ಪುಸ್ತಕ, ಸೀರೆ 240. ಬಸ್ಸು 160. ಒಟ್ಟು 1,700. ಕೈಲಿರುವುದು 2,100. ಅದರ ಕೆಳಗೆ ಒಂದು ಗೀಟು ಎಳೆದು, ‘ಸೈಟು ಮುಂದೆ ನೋಡೋಣ’ ಎಂದಿತ್ತು.

“ಇದು ಯಾರ ಹಾಸ್ಟೆಲು ಮಾವ?” ಎಂದು ಕೇಳಿದರು ಸೊಸೆ.

ತುಮಕೂರಜ್ಜಿಯದು. ತಾತನ ಒಬ್ಬಳೇ ತಂಗಿ. ತಂದೆ ತೀರಿಹೋದ ವರ್ಷ ಆಕೆ ಎಸ್ಸೆಸ್ಸೆಲ್ಸಿ ಮುಗಿಸಿದ್ದರು. ಇದ್ದ ಬದ್ದ ನೆಂಟರೆಲ್ಲ ಸೇರಿ, ಒಬ್ಬ ವಿಧುರನಿಗೆ ಕೊಟ್ಟು ಕೈತೊಳೆದುಕೊ ಎಂದು ಅಣ್ಣನಿಗೆ ಬುದ್ಧಿ ಹೇಳಿದ್ದರು. ಹುಡುಗಿ ಟಿ.ಸಿ.ಎಚ್. ಮಾಡುತ್ತೇನೆಂದು ಅಳುತ್ತಾ ಕೂತಿದ್ದಳು. ಅದೇ ತಿಂಗಳು ಸೈಟಿನ ಪತ್ರ ಬಂತು. ಕೈಯಲ್ಲಿ 2,100. ಸೈಟಿಗೆ ಅದು ಸಾಲದು, ಮೇಲೆ ಸಾಲ ಮಾಡಬೇಕು. ತಂಗಿಯ ಓದಿಗೆ ಸಾಕು, 400 ಮಿಗುತ್ತದೆ. ಅಣ್ಣ ಯಾರಿಗೂ ಹೇಳದೆ ಗಡುವನ್ನು ದಾಟಲು ಬಿಟ್ಟರು. ಹೆಂಡತಿಗೆ, ಹಣ ಹೊಂದಲಿಲ್ಲ ಎಂದಷ್ಟೇ ಹೇಳಿದರು. ತಂಗಿಗೆ ಸೈಟಿನ ಸುದ್ದಿಯನ್ನೇ ಹೇಳಲಿಲ್ಲ.

ತಂಗಿ ಶಾಲಾಶಿಕ್ಷಕಿಯಾದರು. ಮೂವತ್ತೈದು ವರ್ಷಕ್ಕೂ ಮೇಲ್ಪಟ್ಟು ಹಳ್ಳಿಯ ಮಕ್ಕಳಿಗೆ ಅ, ಆ ಕಲಿಸಿದರು. ಗಂಡ ಬೇಗ ತೀರಿಕೊಂಡಾಗ ಆ ಸಂಬಳದಲ್ಲೇ ಎರಡು ಮಕ್ಕಳನ್ನು ಓದಿಸಿದರು. ಈಗ ಪಿಂಚಣಿ ಬರುತ್ತದೆ, ಅದಕ್ಕೂ ತುಟ್ಟಿಭತ್ಯೆ ಸೇರುತ್ತದೆ. ಗೌರಿ ಹಬ್ಬಕ್ಕೆ ಬಂದಾಗಲೆಲ್ಲ ಅಣ್ಣನ ಮನೆಯಲ್ಲಿ ಏನಾದರೂ ನಡೆದರೆ ಸೆರಗಿನ ಗಂಟು ಬಿಚ್ಚುವುದು ಅವರೇ ಮೊದಲು.

“ಹಾಗಾದ್ರೆ ಲೆಕ್ಕ ಸರಿಹೋಯ್ತು,” ಎಂದಳು ಮೊಮ್ಮಗಳು, ಸಮಾಧಾನ ಮಾಡುವವಳಂತೆ.

“ಇಲ್ಲಮ್ಮ,” ಎಂದರು ತಾತ. “ಸರಿಹೋಗಲ್ಲ. ನಾನೂ ಎಷ್ಟೋ ಸಲ ಹಾಕಿ ನೋಡಿದೀನಿ. ಅವಳ ಜೀವಮಾನದ ಸಂಬಳ ಒಟ್ಟು ಮಾಡಿದರೂ ಆ ಸೈಟಿನ ಇವತ್ತಿನ ಬೆಲೆಗೆ ಸಮ ಬರಲ್ಲ. ನಿಮ್ಮ ಅಜ್ಜಿ ಬಾಡಿಗೆ ಮನೆಯಲ್ಲೇ ಕಣ್ಣುಮುಚ್ಚಿದಳು, ಅದೂ ಲೆಕ್ಕದಲ್ಲಿದೆ. ಆದರೆ ಅವತ್ತು ನನ್ನ ಮುಂದೆ ಇದ್ದದ್ದು ಒಂದೂಕಾಲು ಕೋಟಿ ಅಲ್ಲ. ಎಪ್ಪತ್ತನಾಲ್ಕನೇ ಇಸವಿಯ ಎರಡು ಸಾವಿರದ ನೂರು ರೂಪಾಯಿ, ಮತ್ತೆ ಅಳ್ತಾ ಕೂತಿದ್ದ ಹುಡುಗಿ.”

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಮಗ ಪತ್ರವನ್ನು ಕೈಗೆ ತೆಗೆದುಕೊಂಡು ಹಿಂದಿನ ಪೆನ್ಸಿಲ್ ಲೆಕ್ಕವನ್ನು ಎರಡು ಸಲ ಓದಿದರು. ಆಮೇಲೆ, ಯಾರೂ ಹೇಳದಿದ್ದರೂ, ಮೇಜಿನ ಮೇಲಿದ್ದ ಅಪಾರ್ಟ್‌ಮೆಂಟಿನ ಬೆಲೆಪಟ್ಟಿಯನ್ನು ತಂದು ಮಗಳ ಮುಂದಿಟ್ಟು, “ಇದರ ಲೆಕ್ಕ ಹಾಕು,” ಎಂದರು.

50 ಲಕ್ಷ ಸಾಲ, ಶೇ. 8.5 ಬಡ್ಡಿ, ಇಪ್ಪತ್ತು ವರ್ಷ. ತಿಂಗಳ ಕಂತು 43,391 ರೂಪಾಯಿ. 240 ಕಂತುಗಳನ್ನು ಕೂಡಿದರೆ 1 ಕೋಟಿ 4 ಲಕ್ಷ. ಎಂದರೆ 54 ಲಕ್ಷ ಬರೀ ಬಡ್ಡಿ. ನೋಡಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಇಲ್ಲಿಯೂ ಇಸವಿಯನ್ನು ಮರೆಯಬಾರದು. ಹಣದುಬ್ಬರ ಕೂಡಿಡುವವನ ಶತ್ರು, ಸಾಲಗಾರನ ಮಿತ್ರ. ಬೆಲೆಗಳು ವರ್ಷಕ್ಕೆ ಶೇ. 6 ಏರಿದರೆ ಹನ್ನೆರಡನೆಯ ವರ್ಷ ಕಟ್ಟುವ 43,391 ರೂಪಾಯಿಯ ತೂಕ ಮೊದಲ ವರ್ಷದ ಅರ್ಧ. ಆದರೆ ಈ ಸ್ನೇಹಕ್ಕೆ ಒಂದು ಷರತ್ತು: ಸಾಲಗಾರನ ಸಂಬಳವೂ ಅಷ್ಟೇ ಏರುತ್ತಿರಬೇಕು. ಸರ್ಕಾರಿ ನೌಕರನಿಗೆ ತುಟ್ಟಿಭತ್ಯೆ ಇದೆ. ಖಾಸಗಿಯವರಿಗೆ ಆ ಖಾತರಿ ಇಲ್ಲ. “ನಿಮಗೆ ಈಗ ನಲವತ್ತಾರು,” ಎಂದು ನೆನಪಿಸಿದರು ಹೆಂಡತಿ. “ಕೊನೆ ಕಂತು ಅರವತ್ತಾರಕ್ಕೆ ಬರತ್ತೆ.”

ಅಂಥದೇ ಫ್ಲ್ಯಾಟಿಗೆ ಆ ಕಡೆ ಬಾಡಿಗೆ ತಿಂಗಳಿಗೆ ಹದಿನೆಂಟು ಸಾವಿರ. ವರ್ಷಕ್ಕೆ 2,16,000, 75 ಲಕ್ಷಕ್ಕೆ ಅದು ಶೇ. 3 ಕೂಡ ಆಗಲಿಲ್ಲ. ಹಾಗಿದ್ದೂ ಜನ ಕೊಳ್ಳುವುದು ಬೆಲೆ ಮುಂದೆಯೂ ಹೀಗೇ ಏರುತ್ತದೆಂಬ ನಂಬಿಕೆಯಿಂದ. ಹುಡುಗಿ ಆ ನಂಬಿಕೆಯನ್ನೂ ಗುಣಿಸಿ ನೋಡಿದಳು. ಐವತ್ತು ವರ್ಷದಲ್ಲಿ 2,500 ಪಟ್ಟಾದ ಸೈಟು ಇನ್ನೈವತ್ತು ವರ್ಷದಲ್ಲಿ ಮತ್ತೆ 2,500 ಪಟ್ಟಾದರೆ? 1 ಕೋಟಿ 20 ಲಕ್ಷ ಹೋಗಿ 3,000 ಕೋಟಿ! ಮೂವತ್ತು-ನಲವತ್ತರ ಒಂದು ಸೈಟಿಗೆ!

ಅವಳಿಗೆ ಜೀವಶಾಸ್ತ್ರದ ಪಾಠ ನೆನಪಾಯಿತು. ತಟ್ಟೆಯಲ್ಲಿ ಬೆಳೆಸಿದ ಬ್ಯಾಕ್ಟೀರಿಯಾ ಮೊದಮೊದಲು ದುಪ್ಪಟ್ಟು, ಮತ್ತೆ ದುಪ್ಪಟ್ಟು ಎಂದು ಏರುತ್ತವೆ. ಆಹಾರ ಮುಗಿಯುತ್ತ ಬಂದಂತೆ ಏರಿಕೆ ನಿಧಾನವಾಗುತ್ತದೆ. ಯಾವ ಏರಿಕೆಯೂ ತನ್ನನ್ನು ಸಾಕುವ ತಟ್ಟೆಗಿಂತ ದೊಡ್ಡದಾಗಲಾರದು. ಮನೆಯ ಬೆಲೆಗೆ ತಟ್ಟೆಯೆಂದರೆ ಜನರ ಸಂಬಳ. ಹದಿನೈದು ತಿಂಗಳಿಂದ ಇಪ್ಪತ್ತೊಂದು ವರ್ಷಕ್ಕೆ ಏರಿದ್ದು ಇನ್ನೆಷ್ಟು ಏರೀತು? ಅದು ನಾಳೆಯೇ ನಿಲ್ಲುತ್ತದೆಂದು ಯಾರೂ ಹೇಳಲಾರರು. ಆದರೆ ತಾತನ ಕಾಲದಲ್ಲಿ ಕೊಂಡವರಿಗೆ ಸಿಕ್ಕಿದ್ದು ತನಗೂ ಸಿಗುತ್ತದೆಂದು ನಂಬಿ ಸಾಲ ಮಾಡುವುದು, ಹಳೆಯ ವರ್ಷದ ಪ್ರಶ್ನೆಪತ್ರಿಕೆಯೇ ಬರುತ್ತದೆಂದು ಪರೀಕ್ಷೆಗೆ ಹೋದಂತೆ.

ಮೇಲಾಗಿ, ಫ್ಲ್ಯಾಟು ಕೊಂಡವರ ಪಾಲಿಗೆ ಬರುವ ನೆಲ ಅಷ್ಟಿಷ್ಟು ಮಾತ್ರ. ಬೆಲೆಪಟ್ಟಿಯ ಮೂರನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಅದು ಇತ್ತು: ಅವಿಭಜಿತ ಪಾಲು 380 ಚದರಡಿ. ಅಷ್ಟು ದಿನದಲ್ಲಿ ಆ ಪುಟವನ್ನು ಯಾರೂ ತೆರೆದಿರಲಿಲ್ಲ.

ಅಂದು ಯಾರೂ ದೊಡ್ಡ ತೀರ್ಮಾನವನ್ನೇನೂ ಘೋಷಿಸಲಿಲ್ಲ. ಆದರೆ ತಿಂಗಳ ಕೊನೆ ಬಂತು, ಬುಕಿಂಗ್ ಹಣ ಹೋಗಲಿಲ್ಲ. ಮಗಳ ಓದಿನ ಹಣವನ್ನು ಬೇರೆ ತೆಗೆದಿಟ್ಟು, ಉಳಿದದ್ದಕ್ಕೆ ಹೊಂದುವ, ಸಾಲ ಅರವತ್ತರೊಳಗೆ ತೀರುವ, ಚಿಕ್ಕ ಹಳೆಯ ಮನೆಯೊಂದು ಸಿಕ್ಕರೆ ನೋಡುವುದು, ಸಿಗದಿದ್ದರೆ ಬಾಡಿಗೆಯಲ್ಲೇ ಇರುವುದು ಎಂದು ಗಂಡ-ಹೆಂಡತಿ ಮಾತಾಡಿಕೊಂಡರು. ಮನೆ ಇಲ್ಲದೆ ಉಳಿದೇವೆಂಬ ಹೆದರಿಕೆ ಪೂರ್ತಿ ಹೋಗಿರಲಿಲ್ಲ. ಆದರೆ ಆ ಹೆದರಿಕೆಯೇ ಕೈಹಿಡಿದು ಸಹಿ ಹಾಕಿಸುವುದು ನಿಂತಿತ್ತು.

ಆ ಭಾನುವಾರ ಸಂಜೆ ಮಗ ತುಮಕೂರಿಗೆ ಫೋನು ಮಾಡಿದರು. ಸೈಟಿನ ಮಾತು ಎತ್ತಲಿಲ್ಲ. ಅಪ್ಪ ಕಣ್ಣಿನಿಂದಲೇ ಬೇಡವೆಂದಿದ್ದರು. “ಅತ್ತೆ, ಹೇಗಿದೀರಿ? ಸುಮ್ನೆ ಮಾಡಿದೆ,” ಎಂದರು. ಕಾರಣವಿಲ್ಲದೆ ಫೋನು ಮಾಡುವವನಲ್ಲದ ಅಣ್ಣನ ಮಗ ಹೀಗೆ ಮಾಡಿದ್ದಕ್ಕೆ ಆಕೆ ಗಾಬರಿಯಾಗಿ, “ಅಣ್ಣ ಚೆನ್ನಾಗಿದಾನೇನೋ?” ಎಂದು ಮೂರು ಸಲ ಕೇಳಿದರು.

ಸೊಸೆ ಆ ಪತ್ರವನ್ನು ಟ್ರಂಕಿನ ತಳಕ್ಕೆ ಮತ್ತೆ ಹಾಕಲಿಲ್ಲ. ಪ್ಲಾಸ್ಟಿಕ್ ಕವರಿನಲ್ಲಿಟ್ಟು ಪಿಂಚಣಿ ಪುಸ್ತಕದ ಜೊತೆ ಬೀರುವಿನಲ್ಲಿಟ್ಟರು. ಮೊಮ್ಮಗಳು ನೋಟ್‌ಬುಕ್ ಮುಚ್ಚುವ ಮುಂಚೆ ಮೊದಲ ಪುಟಕ್ಕೆ ಹೋಗಿ, ತಾನು ಬರೆದಿದ್ದ 4,800ರ ಪಕ್ಕದಲ್ಲಿ, ಮಾನ ಬರೆಯುವ ಜಾಗದಲ್ಲಿ, ‘1974ರ ರೂಪಾಯಿ’ ಎಂದು ಸೇರಿಸಿದಳು.